ಸದ್ಯಕ್ಕೆ ಇಟ್ಟ ಕೋಟು

ಅಕ್ಕ ಕೋಟನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಎಳೆಗೂಸನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿಕೊಂಡು ಕಾಲೇಜಿನ ಮೆಟ್ಟಿಲು ಹತ್ತಿದಳು. ಹಿಂದೆ ತಮ್ಮ. ಗ್ರಾಫಿಕ್ ಡಿಸೈನ್ ಓದುತ್ತಿದ್ದ ಅವನ ಕೊನೆಯ ವರ್ಷದ ಕೆಲಸ ಒಂದು ಫ್ಯಾಷನ್ ಪತ್ರಿಕೆ. ಅದರ ಮುಖಪುಟದಲ್ಲಿ ಅಕ್ಕ ಹೊಲಿದ ಕೋಟೇ ಇರುತ್ತದೆಂದು ಮಾತು ಕೊಟ್ಟಿದ್ದ. ಊರವರ ಪ್ಯಾಂಟಿನ ಕಾಲು ಮಡಿಚಿ ಹೊಲಿದು ಅಕ್ಕನಿಗೆ ಸಾಕಾಗಿಹೋಗಿತ್ತು. ದೊಡ್ಡ ಅಂಗಡಿಯ ಯಜಮಾನ, ‘ನೀನು ಹೊಲಿದದ್ದು ಎಲ್ಲಾದರೂ ಅಚ್ಚಾಗಿದ್ದರೆ ತೋರಿಸು, ಕಟಿಂಗ್ ಕೆಲಸ ಕೊಡುತ್ತೇನೆ’ ಎಂದಿದ್ದ. ಕೋಟು ಕಣ್ಣೆದುರಿಗಿದ್ದರೆ ಸಾಲದು, ಕಾಗದದ ಮೇಲೆ ಬರಬೇಕಂತೆ! ಆ ಯಜಮಾನನ ಕಣ್ಣಿಗೇನು ಕೇಡು ಬಂದಿತ್ತೋ.

ನಾಳೆ ಬೆಳಿಗ್ಗೆ ಮುಖಪುಟದ ಫೋಟೋ ಶೂಟು. ಇವತ್ತು ಕೊನೆಯ ಮಾತುಕತೆ. ಯಾರಿಗೂ ಸಂಬಳವಿಲ್ಲ, ಎಲ್ಲರೂ ಸೇರಿ ಮಾಡುವುದು, ಎಲ್ಲರ ಹೆಸರೂ ಹಾಕುವುದು. ಕೇಳಲು ಚೆಂದ. ಯಾರೂ ಯಾರ ಮಾತನ್ನೂ ಕೇಳಬೇಕಿಲ್ಲ ಎಂಬುದೂ ಅದರಲ್ಲೇ ಸೇರಿತ್ತು.

ಬಾಗಿಲು ತೆರೆದರೆ ಹಸಿ ಬಣ್ಣದ ವಾಸನೆ. ಎದುರಿನ ಗೋಡೆ ಪೂರ್ತಿ ಸಾಸಿವೆ ಹಳದಿ. ಅದರ ಮುಂದೆ ಎಲ್ಲರೂ ಜಿರಾಫೆ ಎಂದು ಕರೆಯುವ ಮಾಡೆಲ್ ಹುಡುಗಿ, ಮೈಮೇಲೆ ಕರೀ ಲೆದರ್ ಕೋಟು. ಪಕ್ಕದಲ್ಲಿ ಕ್ಯಾಮೆರಾ ಹಿಡಿದ ಸಹಪಾಠಿ.

“ಹೆಂಗಿದೆ? ಬೋರ್ಡಲ್ಲಿರೋದೇ! ಚಿಕ್ಕಮ್ಮನ ಅಂಗಡಿಯಿಂದ ಕಾಡಿ ಬೇಡಿ ತಂದೆ” ಎಂದಳು ಅವಳು.

ತಮ್ಮನಿಗೆ ತಾನು ಮಾಡಿದ್ದು ಈಗ ಹೊಳೆಯಿತು. ಪುಟ ಕಟ್ಟುವವರ ಚಾಳಿ ಅದು: ಬೇಕಾದ ಚಿತ್ರ ಬರುವ ತನಕ ಯಾವುದೋ ಒಂದನ್ನು ಆ ಜಾಗಕ್ಕೆ ಹಾಕಿ ಕೆಲಸ ಮುಂದುವರಿಸುವುದು. ಅಕ್ಕನ ಕೋಟಿಗೆ ಇನ್ನೂ ತೋಳು ಕೂರಿಸಿರದಿದ್ದಾಗ, ಇಂಟರ್ನೆಟ್ಟಿನ ಲೆದರ್ ಕೋಟೊಂದನ್ನು, ಮುಖಪುಟ ಹೇಗಿರಬೇಕೆಂದು ಎಲ್ಲರಿಗೂ ತೋರಿಸಲು ಮಾಡಿದ್ದ ಬೋರ್ಡಿನ ನಡುವೆ ಅಂಟಿಸಿದ್ದ. ಪಕ್ಕದಲ್ಲಿ ಅಕ್ಕನ ಬಟ್ಟೆಯ ಸಾಸಿವೆ ಬಣ್ಣದ ಚೂರು. ಚಿತ್ರ ಸದ್ಯಕ್ಕೆ, ಬಣ್ಣ ಕೋಟಿನದು ಎಂಬುದು ಅವನ ತಲೆಯೊಳಗೇ ಉಳಿದಿತ್ತು. ಉಳಿದವರು ಬೋರ್ಡನ್ನೇ ನಂಬಿ, ಆ ಚೂರನ್ನು ಗೋಡೆಯ ಬಣ್ಣವೆಂದುಕೊಂಡಿದ್ದರು.

“ಅದು ಸುಮ್ನೆ ಜಾಗಕ್ಕೆ ಇಟ್ಟಿದ್ದು ಕಣೇ. ಕೋಟು ಇದು.”

ಅಕ್ಕ ಬಟ್ಟೆ ಬಿಚ್ಚಿ ಕೋಟನ್ನು ಎತ್ತಿ ಹಿಡಿದಳು. ಕ್ಯಾಮೆರಾ ಹಿಡಿದವನು ಅದನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದ. ಅಗಲ ಕಾಲರು, ವಾರಗಟ್ಟಲೆ ಕಣ್ಣು ಕೀಲಿಸಿ ಹಾಕಿದ ಹೊಲಿಗೆ, ಎಲ್ಲವೂ ಗೋಡೆಯೊಳಗೆ ಕರಗಿಹೋಗಿದ್ದವು. ಅಕ್ಕನ ಎರಡು ಕೈ ಮಾತ್ರ ಕಾಣುತ್ತಿದ್ದವು.

“ಚೆನ್ನಾಗಿದೆ ಅಕ್ಕಾ, ಸುಳ್ಳು ಹೇಳಲ್ಲ. ಆದ್ರೆ ಈ ಗೋಡೆ ಮುಂದೆ ಕಾಣಲ್ವಲ್ಲ. ಏನೋ, ಮೊದ್ಲೇ ಹೇಳೋಕೆ ಏನಾಗಿತ್ತು? ಬಾಯಲ್ಲಿ ಗೋಂದು ಹಾಕ್ಕೊಂಡಿದ್ಯಾ?” ಎಂದು ತಮ್ಮನ ಕಡೆ ತಿರುಗಿದ.

“ಗೋಡೆಗೆ ನಾನೇ ಬೇರೆ ಬಣ್ಣ ಬಳೀತೀನಿ.”

“ಇದೇ ಇನ್ನೂ ಕೈಗೆ ಅಂಟ್ತಿದೆ. ಅದರ ಮೇಲೆ ಬಳಿದ್ರೆ ಬೆಳಿಗ್ಗೆಗೆ ಒಣಗುತ್ತಾ? ನಾಡಿದ್ದು ರೂಮು ಬೇರೆಯವರದ್ದು. ನನ್ನ ಕೆಲಸಾನೂ ಇದೇ ಫೋಟೋ ಮೇಲೆ ನಿಂತಿದೆ ಮಾರಾಯ. ಎಲ್ಲರದ್ದೂ ಅಲ್ವಾ? ಲೆದರ್ ಅನ್ನೋರು ಕೈ ಎತ್ತಿ.”

ಅವನದೊಂದು, ಜಿರಾಫೆಯದೊಂದು, ಎರಡು ಕೈ ಎದ್ದವು. ಜಿರಾಫೆ ಅಕ್ಕನ ಮುಖ ನೋಡಿ ಅರ್ಧ ಇಳಿಸಿದಳು. ಪೂರ್ತಿ ಇಳಿಸಲಿಲ್ಲ.

“ಪರವಾಗಿಲ್ಲ ಬಿಡಿ. ಕೋಟು ಹೋದ್ರೂ ಅದರ ಬಣ್ಣಾನಾದ್ರೂ ಮುಖಪುಟಕ್ಕೆ ಬಂತಲ್ಲ” ಎಂದಳು ಅಕ್ಕ.

“ಅಕ್ಕಾ, ಬೇಜಾರು ಮಾಡ್ಕೋಬೇಡಿ,” ಜಿರಾಫೆ ಬೆನ್ನು ತಿರುಗಿಸಿದಳು. “ಇಲ್ಲಿ ದೊಗಳೆ ಆಗಿದೆ, ಒಂಚೂರು ಪಿನ್ನು ಹಾಕಿ ಬಿಗಿ ಮಾಡಿ ಕೊಡ್ತೀರಾ?”

ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಉರಿ ಯಾರ ಮೇಲೆ? ಬೋರ್ಡು ಅವನದೇ.

“ಬೇಡ ಅಕ್ಕ. ಬಾ, ಮನೆಗೆ ಹೋಗೋಣ.”

“ಹೋಗಿ? ನಿನ್ನ ಪರೀಕ್ಷೆ ನಾನು ಬರೀಲಾ? ಸುಮ್ನಿರೋ.” ಅಕ್ಕ ತನ್ನ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ, ಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಳು. ಅಂಗಡಿಯ ಯಜಮಾನನಿಗೆ ಏನು ಹೇಳುತ್ತೀಯ ಎಂದು ಅವನು ಕೇಳಿದ್ದರೂ ಇನ್ನು ಉತ್ತರ ಬರುವಂತಿರಲಿಲ್ಲ.

“ನಾಳೆಗೆ ಈಗಲೇ ನೋಡ್ಕೊಂಡುಬಿಡ್ತೀನಿ, ಆ ಲೈಟು ಸ್ವಲ್ಪ ಎತ್ತಿ ಹಿಡಿ” ಎಂದ ಕ್ಯಾಮೆರಾದವನು.

ತಮ್ಮ ಎತ್ತಿ ಹಿಡಿದ.

“ಇನ್ನೂ ಮೇಲೆ. ಹಾಂ, ಲೆದರ್ ಈಗ ಹೊಳೀತು ನೋಡು. ಅಲ್ಲಾಡಿಸ್ಬೇಡ.”