ಎಡಮಗ್ಗುಲ ತಗಡುಗಳು

ಹಡಗು ರಿಪೇರಿ ಕಟ್ಟೆಯ ಗೇಟಿನಲ್ಲೊಂದು ಉದ್ದನೆಯ ಬೋರ್ಡು. ತಳ ಕೆರೆಯುವುದು, ತಗಡು ಬದಲಿಸುವುದು, ಎಂಜಿನ್ ಬಿಚ್ಚಿ ಜೋಡಿಸುವುದು, ಚುಕ್ಕಾಣಿ ಸರಿಪಡಿಸುವುದು, ಬಣ್ಣ, ಕ್ರೇನು, ಎಲ್ಲವೂ ಅದರಲ್ಲಿತ್ತು. ಇಲ್ಲದ್ದು ಸುತ್ತಿಗೆಯಣ್ಣನ ಕೆಲಸವೊಂದೇ.

ನೀರು ಬಸಿದ ಹೊಂಡದಲ್ಲಿ ಹಡಗು ಮರದ ದಿಮ್ಮಿಗಳ ಮೇಲೆ ಕೂತಿತೋ, ಅಣ್ಣ ಸಣ್ಣ ಸುತ್ತಿಗೆ ಹಿಡಿದು ಒಂದೊಂದೇ ತಗಡನ್ನು ತಟ್ಟುತ್ತ ಹೊರಡುತ್ತಿದ್ದರು. ಗಂಟೆಯ ಹಾಗೆ ದನಿ ಬಂದರೆ ಸೀಮೆಸುಣ್ಣದಲ್ಲಿ ಗೀಟು, ಒಳಗೆ ತುಕ್ಕು ತಿಂದು ಮಂಕು ದನಿ ಬಂದರೆ ಸೊನ್ನೆ. ಸೊನ್ನೆ ಬಿದ್ದದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯುತ್ತಾರೆ. ಗೀಟಿನ ಮೇಲೆ ಹಿಂದುಮುಂದು ನೋಡದೆ ಬಣ್ಣ ಬಳಿಯುತ್ತಾರೆ. ಆ ಗೀಟೆಂದರೆ ದೇವರೆದುರು ಕೊಟ್ಟ ಮಾತು ಎಂದೇ ಅಣ್ಣ ಮೂವತ್ತೊಂದು ವರ್ಷ ಬಾಳಿದವರು. ಆರು ತಿಂಗಳಿಂದ ಅವರ ಕಿವಿಯೊಳಗೆ ಸಣ್ಣಗೆ ಗುಂಯ್ ಎನ್ನುವ ನಾದವೊಂದು ಹುಟ್ಟಿತ್ತು. ಪ್ರಾರ್ಥನೆಗೆ ಕೂತಾಗ ಇನ್ನೂ ತುಂಬಿ ಬರುತ್ತಿತ್ತು. ದೇವರ ಕೃಪೆಯೇ ಇರಬೇಕೆಂದು ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು.

ಈ ಸಲ ಬಂದದ್ದು ಇನ್ನೂರು ಜನ ಕೂರುವ ಪ್ರಯಾಣಿಕರ ಹಡಗು. ಎಡಮಗ್ಗುಲು ಮುಗಿಸಿ ಬಲಮಗ್ಗುಲಿಗೆ ಬಂದ ಮೇಲೆ ಶುರುವಾಯಿತು ಕಾಟ. ಅಣ್ಣ ಗೀಟು ಎಳೆದುಹೋದ ಎರಡು ತಗಡು ಮರುದಿನ ಬೆಳಿಗ್ಗೆ ಸೊನ್ನೆ ಹೊತ್ತು ಕೂತಿದ್ದವು. ಅನುಮಾನ ನೇರ ಹೋಗಿ ನಿಂತದ್ದು ಹೆಂಡತಿಯ ತಮ್ಮನ ಮೇಲೆ. ಭಾಮೈದ ಅದೇ ಬಲಮಗ್ಗುಲಿನ ವೆಲ್ಡರು. ಇತ್ತೀಚೆಗೆ ಇವರ ಬೆನ್ನಿಗೆ ಬಿದ್ದವನಂತೆ ಸುಳಿದಾಡುತ್ತಿದ್ದ. ಮನೆಯಲ್ಲೂ ಅಷ್ಟೆ, ಅಡುಗೆಮನೆಯಲ್ಲಿ ಅಕ್ಕತಮ್ಮನ ಪಿಸುಪಿಸು. ಇವರು ಬಾಗಿಲಿಗೆ ಬಂದರೆ ಇಬ್ಬರೂ ಗಪ್‌ಚಿಪ್. ನನ್ನ ಸುತ್ತಿಗೆಯ ಮೇಲೆ ಇವನಿಗೆ ಕಣ್ಣು ಬಿದ್ದಿದೆ, ಮೇಸ್ತ್ರಿಯ ಮುಂದೆ ನನ್ನ ಗೀಟನ್ನು ಸುಳ್ಳುಮಾಡಿ ಜಾಗ ಹಿಡಿಯುವ ಹುನ್ನಾರ ಎಂದು ಅಣ್ಣ ತೀರ್ಮಾನಿಸಿದರು.

ಮೂರನೆಯ ದಿನ ಊಟದ ಗಂಟೆ ಹೊಡೆದು ಎಲ್ಲರೂ ಮೇಲೆ ಹತ್ತಿದರು. ಅಣ್ಣ ದಿಮ್ಮಿಯ ಮರೆಯಲ್ಲಿ ಉಳಿದರು. ಭಾಮೈದ ಬಂದ. ಆಚೀಚೆ ನೋಡಿ, ತಗಡು ತಟ್ಟಿ, ಗೀಟನ್ನು ತೋಳಿನಿಂದ ಒರೆಸಿ ಸೊನ್ನೆ ಬರೆದ. ಅಣ್ಣ ಎದ್ದು ಅವನ ಮುಂಗೈ ಹಿಡಿದರು.

"ಯಾರ ಗೀಟು ಅಳಿಸ್ತಿದ್ದೀಯ ಗೊತ್ತೇನೋ?"

"ಗೊತ್ತಿದ್ದೇ ಅಳಿಸ್ತಿದ್ದೀನಿ ಭಾವ. ನೀವೇ ತಟ್ಟಿ ನೋಡಿ."

ಅಣ್ಣ ತಟ್ಟಿದರು. ಗುಂಯ್ ಎಂದಿತು. ಎಷ್ಟು ಚೆಂದ ಹಾಡ್ತಿದೆ ಎಂದರು. ಭಾಮೈದ ಮೊನೆಸುತ್ತಿಗೆ ಬೀಸಿದ. ಮೊನೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಕಿತ್ತರೆ ತೂತಿನಿಂದ ಕೆಂಪು ತುಕ್ಕುನೀರು ಒಸರಿತು.

ಅಣ್ಣ ಸುತ್ತಿಗೆ ಕೆಳಗಿಟ್ಟರು. ನಾದ ನಿಲ್ಲಲಿಲ್ಲ. ಯಾವ ತಗಡನ್ನೂ ಮುಟ್ಟದೆ ಅದು ಹಾಡುತ್ತಲೇ ಇತ್ತು.

ಭಾಮೈದ ಅವರ ಬಲಗಿವಿಯ ಹತ್ತಿರ ಬಾಯಿಟ್ಟು ಎಲ್ಲ ಬಿಡಿಸಿ ಹೇಳಿದ. ಕುಕ್ಕರ್ ಐದು ಸಲ ಕೂಗಿದರೂ ಇವರು ಕದಲದ್ದನ್ನು ಮೊದಲು ಕಂಡವಳು ಅಕ್ಕ. ಹೇಗೆ ತಿಳಿಸುವುದೆಂದು ಇಬ್ಬರಿಗೂ ತೋಚಿರಲಿಲ್ಲ. ಭಾವನ ಮರ್ಯಾದೆ ಉಳಿಯಲಿ ಅಂತ ತಾನೇ ಹಿಂದಿಂದೆ ಬಂದು ಸರಿಮಾಡುತ್ತಿದ್ದ.

"ಮತ್ತೆ ಅಡುಗೆಮನೇಲಿ ಪಿಸುಗುಟ್ಟುತ್ತಿದ್ದಿರಲ್ಲ?"

"ಪಿಸುಗುಟ್ಟಿಲ್ಲ ಭಾವ. ದಿನಾ ಮಾತಾಡೋ ದನೀಲೇ ಮಾತಾಡ್ತಿದ್ವಿ."

ಎಡಮಗ್ಗುಲಿನದನ್ನೂ ನೋಡಿದೆಯಾ ಎಂದು ಅಣ್ಣ ಕೇಳಿದರು. ಅವನು ಇಲ್ಲವೆಂದ. ಅಲ್ಲಿ ಬೇರೆ ತಂಡ, ಇವನಿಗೆ ಕಾಲಿಡಲು ನೆವವಿರಲಿಲ್ಲ. ಆ ಕಡೆ ಬೆಳಿಗ್ಗೆಯಿಂದ ಬಣ್ಣ ಹತ್ತಿತ್ತು. ಇನ್ನೆರಡು ದಿನಕ್ಕೆ ಹೊಂಡಕ್ಕೆ ನೀರು.

"ನಾನು ಗುಟ್ಟಾಗಿ ನೋಡ್ಕೋತೀನಿ, ನೀವು ಏನೂ ಹೇಳಬೇಡಿ," ಎಂದ ಭಾಮೈದ.

"ಇನ್ನೂರು ಜನ ಕೂರ್ತಾರೆ ಕಣಪ್ಪ."

ಬಾಗಿ ಹಡಗಿನ ಅಡಿಯಿಂದ ನುಸುಳಿ ಅವರು ಆಚೆ ಬಂದರು. ಊಟ ಮುಗಿಸಿದ ಬಣ್ಣದವರು ಆಗಲೇ ರೋಲರ್ ಎತ್ತಿಕೊಂಡಿದ್ದರು. ಮೇಸ್ತ್ರಿ ಅಟ್ಟಣಿಗೆಯ ಕೆಳಗೆ ನಿಂತಿದ್ದ.

"ಬಣ್ಣ ನಿಲ್ಲಿಸಿ ಮೇಸ್ತ್ರಿ. ಈ ಕಡೆಯ ಒಂದು ಗೀಟನ್ನೂ ನಂಬಬೇಡಿ. ನನಗೆ ಕಿವಿ ಕೇಳಿಸಲ್ಲ."

ಮೇಸ್ತ್ರಿ ಏನೋ ಅಂದ. ತುಟಿ ಆಡಿದ್ದಷ್ಟೇ ಕಂಡಿತು. ಅಣ್ಣ ಸುತ್ತಿಗೆಯನ್ನು ಭಾಮೈದನ ಕೈಗಿತ್ತರು. ಸೀಮೆಎಣ್ಣೆಯಲ್ಲಿ ಚಿಂದಿ ಅದ್ದಿಕೊಂಡು, ಮೊದಲನೆಯ ತಗಡಿನ ಹಸಿ ಬಣ್ಣ ಒರೆಸತೊಡಗಿದರು.