ತವರಿಗೆ ಕಳಿಸುವ ಮಿಷಿನ್ನು

ನನಗೆ ಕೋಪ ಬೇಗ ಬರುತ್ತದೆ. ಬಂದರೆ ಬಾಯಿ ನಿಲ್ಲುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಕೀರ್ತನ ಎಂಬ ಹುಡುಗಿಯನ್ನು ಹೊಗಳಲು ಕೂತಿದ್ದೇನೆ. ಈ ಕಾಂತರಾಜು ಕಂಡಕಂಡವರನ್ನೆಲ್ಲ ಹೊಗಳುವ ಆಸಾಮಿ ಎಂದು ಯಾರೂ ತಿಳಿಯಬಾರದು.

ನಮ್ಮದು ಹೊಸಕೋಟೆ ಪಕ್ಕದ ಪಿಲ್ಲಗುಂಪೆಯಲ್ಲಿರುವ ಸಣ್ಣ ಕಂಪನಿ. ಹಾಲು ಕರೆಯುವ ಮಿಷಿನ್ನು ತಯಾರಿಸುತ್ತೇವೆ. ಒಂದು ಮೋಟಾರು, ಒಂದು ಸ್ಟೀಲ್ ಕ್ಯಾನು, ಹಸುವಿನ ಕೆಚ್ಚಲಿಗೆ ಹಾಕುವ ನಾಲ್ಕು ರಬ್ಬರ್ ಕೊಳವೆ. ಮಾರುವ ಜವಾಬ್ದಾರಿ ನನ್ನದು. ಜಿಲ್ಲೆಯಲ್ಲಿ ಹಸುವಿಗೇನು ಬರವೇ? ಆದರೂ ಮಿಷಿನ್ನು ಕೊಳ್ಳುವವರಿರಲಿಲ್ಲ. ಊರೂರಿನ ಡೈರಿ ಮುಂದೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದೆ: ಟೈಮ್ ಉಳಿಯುತ್ತದೆ, ಕೈ ನೋವಿಲ್ಲ, ಹಾಲು ಚೊಕ್ಕಟ. ಗಂಡಸರು ನಮ್ಮ ಪಾಂಪ್ಲೆಟ್ ಇಸಿದುಕೊಂಡು, ಅದರಲ್ಲೇ ಬೋಂಡ ಇಟ್ಟುಕೊಂಡು ತಿನ್ನುತ್ತಿದ್ದರು.

ಅಂಥ ಹೊತ್ತಿನಲ್ಲಿ ಓನರ್ ಆದಿನಾರಾಯಣಪ್ಪನವರು ಮಾರ್ಕೆಟಿಂಗಿಗೆ ಒಬ್ಬರನ್ನು ತೆಗೆದುಕೊಳ್ಳೋಣ ಎಂದರು. ಸಂದರ್ಶನಕ್ಕೆ ನಾನೂ ಪಕ್ಕದಲ್ಲಿ ಕೂತಿದ್ದೆ. ನೆಲಮಂಗಲದ ಕಡೆಯ ಹುಡುಗಿ ಒಳಗೆ ಬಂದಳು. ಬಿ.ಎ. ಓದಿದ್ದಳು. ಇತಿಹಾಸ, ಸಮಾಜಶಾಸ್ತ್ರ, ಐಚ್ಛಿಕ ಕನ್ನಡ. ನನಗೆ ತಲೆ ಕೆಟ್ಟುಹೋಯಿತು.

"ಏನಮ್ಮಾ, ಹಸು ಮುಂದೆ ಇತಿಹಾಸ ಹೇಳ್ತೀಯಾ?" ಎಂದೆ.

ಅವಳು ನಗಲೂ ಇಲ್ಲ, ಅಳಲೂ ಇಲ್ಲ. "ಸರ್, ಕೊನೇ ವರ್ಷ ನಾವು ಜನಪದ ಹಾಡು ಸಂಗ್ರಹ ಮಾಡೋಕೆ ಹಳ್ಳಿಗೆ ಹೋಗಿದ್ವಿ. ಹಾಡಿ ಅಂತ ಕೇಳಿದ್ರೆ ಯಾವ ಅಜ್ಜೀನೂ ಹಾಡಲ್ಲ. ಅವರ ಜೊತೆ ಕೂತು ಸೊಪ್ಪು ಸೋಸಿದ್ರೆ ಹಾಡ್ತಾರೆ. ನಂಗೆ ಅಷ್ಟು ಬರುತ್ತೆ," ಎಂದಳು.

"ನಾವು ಸೊಪ್ಪು ಮಾರಲ್ಲ ಕಣಮ್ಮಾ," ಎಂದೆ. ಆದರೆ ಓನರಿಗೆ ಅದೇನನ್ನಿಸಿತೋ, ಕೆಲಸ ಕೊಟ್ಟುಬಿಟ್ಟರು. ಕಂಡೀಷನ್ನೂ ಹಾಕಿದರು. ಗೌರಿ ಹಬ್ಬದೊಳಗೆ ಒಂದಾದರೂ ಊರಿನಲ್ಲಿ ಮಿಷಿನ್ನು ಓಡಬೇಕು, ಇಲ್ಲದಿದ್ದರೆ ಮನೆಗೆ.

ಹೊರಗೆ ಬಂದ ಮೇಲೆ, "ಬಿ.ಎಡ್. ಮಾಡ್ಕೊಂಡು ಟೀಚರ್ ಆಗ್ಬಾರ್ದಾ?" ಎಂದು ಕೇಳಿದೆ.

"ಎಲ್ರೂ ಅದನ್ನೇ ಹೇಳ್ತಾರೆ ಸರ್. ಬಿ.ಎ. ಓದಿ ಏನು ಕಿಸಿದೆ ಅಂತ ಕೇಳದೇ ಇರೋರು ನಮ್ಮೂರಲ್ಲಿ ಒಬ್ರೂ ಇಲ್ಲ. ನಂಗೆ ಈ ಕೆಲಸಾನೇ ಬೇಕು. ಇದು ಹೋದ್ರೆ ಅವರೆಲ್ಲ ಹೇಳಿದ್ದೇ ನಿಜ ಆಗ್ಬಿಡುತ್ತೆ."

ನಾನು ಬೈಕ್ ಸ್ಟಾರ್ಟ್ ಮಾಡಿದೆ.

ದೊಡ್ಡಬೆಳವಂಗಲದ ಹತ್ತಿರದ ಒಂದು ಊರಿಗೆ ಅವಳನ್ನು ಕರೆದುಕೊಂಡು ಹೋದೆ. ನಾನು ಮಾಮೂಲಿನಂತೆ ಡೈರಿ ಮುಂದೆ ಗಂಡಸರಿಗೆ ಭಾಷಣ ಶುರು ಮಾಡಿದೆ. ತಿರುಗಿ ನೋಡಿದರೆ ಹುಡುಗಿ ಇಲ್ಲ! ಹುಡುಕಿಕೊಂಡು ಹೋದರೆ, ಜವರಪ್ಪ ಎಂಬುವರ ಮನೆ ಜಗಲಿಯ ಮೇಲೆ ನಾಲ್ಕೈದು ಹೆಂಗಸರ ನಡುವೆ ಕೂತು ನಿಜವಾಗಿಯೂ ಸೊಪ್ಪು ಸೋಸುತ್ತಿದ್ದಾಳೆ. ಮಿಷಿನ್ನಿನ ಸುದ್ದಿಯೇ ಇಲ್ಲ. ಮೈಯೆಲ್ಲ ಉರಿದುಹೋಯಿತು. ಹೀಗೇ ಮೂರು ಸಲ ಆಯಿತು. ದಾರಿಯುದ್ದಕ್ಕೂ ಬೈದೆ. ಅವಳು ಹಿಂದೆ ಕೂತು ಹೂಂ ಹೂಂ ಎನ್ನುತ್ತಿದ್ದಳು.

ನಾಲ್ಕನೇ ಸಲ ಊರಿಂದ ಹೊರಟಾಗ ಅವಳೇ ಬಾಯಿ ಬಿಟ್ಟಳು. "ಸರ್, ಗೌರಿ ಹಬ್ಬಕ್ಕೆ ತವರಿಗೆ ಹೋಗ್ತೀರಾ ಅಂತ ಕೇಳಿದೆ. ಎಲ್ರೂ ನಕ್ಕುಬಿಟ್ರು. ಬೆಳಗ್ಗೆ ಹಾಲು ಹಾಕಿ ಹೋಗೋದಂತೆ, ಸಂಜೆ ಹಾಲು ಕರೆಯೋ ಹೊತ್ತಿಗೆ ವಾಪಸ್ ಬರೋದಂತೆ. ರಾತ್ರಿ ಉಳಿಯೋ ಹಾಗಿಲ್ಲ. ಹಸು ಅವರ ಕೈಗೆ ಒಗ್ಗಿಬಿಟ್ಟಿರುತ್ತೆ, ಬೇರೆಯವರು ಕೂತ್ರೆ ಹಾಲು ಬಿಡಲ್ಲ. ಜವರಪ್ಪಣ್ಣನ ಹೆಂಡ್ತಿ ಕದಿರಮ್ಮಕ್ಕ ಇದಾರಲ್ಲ, ಅವರ ತವರು ಕುಂದಾಣ. ಎಷ್ಟು ದೂರ ಸರ್ ಅದು? ಹಸು ಕಟ್ಟಿದ ಮೇಲೆ ಒಂದು ರಾತ್ರಿ ಅವರಮ್ಮನ ಪಕ್ಕ ಮಲಗಿಲ್ಲ ಅಂತ ಹೇಳ್ತಾ ಅತ್ತುಬಿಟ್ರು."

ನಾನು ಬೈಕ್ ನಿಲ್ಲಿಸಿದೆ.

"ನಾವು ಟೈಮ್ ಉಳಿಯುತ್ತೆ ಅಂತ ಗಂಡಸರಿಗೆ ಹೇಳ್ತಿದೀವಿ," ಎಂದಳು. "ಅವರ ಟೈಮ್ ಹೋಗ್ತಾನೇ ಇಲ್ವಲ್ಲ ಸರ್."

ಇಷ್ಟು ವರ್ಷ ಮಿಷಿನ್ನು ಹೊತ್ತುಕೊಂಡು ತಿರುಗಿದ್ದೇನೆ, ಯಾರ ಬಾಯಲ್ಲೂ ಈ ಮಾತು ಕೇಳಿರಲಿಲ್ಲ. ಯಾರೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಭೇಷ್ ಎನ್ನಬೇಕು ಅನ್ನಿಸಿತು. ಅನ್ನಲಿಲ್ಲ ಬಿಡಿ.

ಆಮೇಲೆ ಅವಳು ಹಾಕಿದ ಪ್ಲಾನ್ ಕೇಳಿ ನನ್ನ ಜೀವ ಬಾಯಿಗೆ ಬಂತು. ಮಿಷಿನ್ನು ಜವರಪ್ಪನ ಮನೆಯಲ್ಲಿ ಇಡುವುದು, ಕದಿರಮ್ಮ ಎರಡು ರಾತ್ರಿ ತವರಿಗೆ ಹೋಗಿ ಬರುವುದು, ಜವರಪ್ಪನೇ ಮಿಷಿನ್ನಿನಲ್ಲಿ ಹಾಲು ಕರೆಯುವುದು, ಇವಳು ಅಲ್ಲೇ ಜವರಪ್ಪನ ತಾಯಿ ಅಮ್ಮಯಮ್ಮನ ಜೊತೆ ಉಳಿದುಕೊಳ್ಳುವುದು! ಹೆಚ್ಚುಕಮ್ಮಿಯಾಗಿ ಹಸುವಿನ ಕೆಚ್ಚಲು ಬಾತರೆ ಊರಿನವರು ನಮ್ಮನ್ನು ಅಟ್ಟಿಸಿಕೊಂಡು ಬರುತ್ತಾರೆ ಎಂದೆ. ಅವಳು ಜಗ್ಗಲಿಲ್ಲ. ಜವರಪ್ಪನನ್ನು ಅದು ಹೇಗೆ ಒಪ್ಪಿಸಿದಳೋ ದೇವರಿಗೇ ಗೊತ್ತು.

ಶುಕ್ರವಾರ, ಮೊದಲ ಸಂಜೆ, ನಾನೂ ಅಲ್ಲಿದ್ದೆ. ಕದಿರಮ್ಮ ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದಳು, ಅದೂ ಬೀದಿ ಕೊನೆಯವರೆಗೆ ತಿರುತಿರುಗಿ ನೋಡುತ್ತ. ಕೊಟ್ಟಿಗೆಯಲ್ಲಿ ಮೂರು ಸೀಮೆ ಹಸು. ಎರಡು ಸುಮ್ಮನೆ ನಿಂತು ಹಾಲು ಕೊಟ್ಟವು. ಮೂರನೆಯದು ಪುಟ್ಟಿ. ಕದಿರಮ್ಮನ ಮುದ್ದಿನ ಹಸು. ಜವರಪ್ಪ ಪಕ್ಕಕ್ಕೆ ಹೋದದ್ದೇ ತಡ, ಕೊಳವೆಗಳನ್ನೆಲ್ಲ ಝಾಡಿಸಿ ಒದೆಯಿತು. ಇನ್ನೊಂದು ಸಲ ಹಾಕಿದರೂ ಅದೇ. ಮೋಟಾರು ಓಡುತ್ತಿದೆ, ಒಂದು ತೊಟ್ಟು ಹಾಲಿಲ್ಲ.

"ಎತ್ಕಂಡ್ ಹೋಗ್ರಿ ನಿಮ್ ಮಿಷಿನ್ನ!" ಜವರಪ್ಪ ಕೂಗಾಡತೊಡಗಿದರು. "ಹೆಣ್ಮಗ ಅಂತ ಮಾತು ಕೇಳಿ ಕೆಟ್ಟೆ. ಈಗ್ಲೇ ಫೋನ್ ಮಾಡಿ ಅವಳನ್ನ ಕರುಸ್ತೀನಿ."

"ಬೇಡಿ ಅಣ್ಣ," ಎಂದು ಕೀರ್ತನ ಕೈ ಮುಗಿದಳು. "ಅಕ್ಕ ಈಗ ತಾನೆ ಹೋಗಿ ಅವರಮ್ಮನ ಮುಂದೆ ಕೂತಿರ್ತಾರೆ. ಒಂದ್ ನಿಮಿಷ." ಆಮೇಲೆ ಅಮ್ಮಯಮ್ಮನ ಕಡೆ ತಿರುಗಿದಳು. "ಅಜ್ಜಿ, ನೀವು ಬಾಣಂತಿ ಆಗಿದ್ದಾಗ ಹಸು ಹಾಲು ಯಾರು ಕರೀತಿದ್ರು?"

ಅಮ್ಮಯಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. ಹಗ್ಗದ ಮೇಲೆ ಒಣಹಾಕಿದ್ದ ಕದಿರಮ್ಮನ ಹಳೇ ಸೀರೆಯನ್ನು ಎಳೆದು ಮಗನ ಮೇಲೆ ಎಸೆದಳು. "ಹೊದ್ಕಳ್ಲಾ ಇದನ್ನ. ನಿಮ್ಮಪ್ಪಾನೂ ಹೊದ್ಕತಿದ್ದ. ಅವನೇನ್ ಸವೆದುಹೋದ್ನಾ?"

ಜವರಪ್ಪನ ಮುಖ ನೋಡಬೇಕಿತ್ತು! ಹುರಿಮೀಸೆಯ ಆಳು. ಆ ಕಡೆ ನೋಡಿದರು, ಈ ಕಡೆ ನೋಡಿದರು, ಕೊಟ್ಟಿಗೆ ಬಾಗಿಲು ಮುಂದಕ್ಕೆ ಎಳೆದರು. ಸೀರೆಯನ್ನು ತಲೆ ಮೇಲೆ ಹೊದ್ದುಕೊಂಡು ಪುಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಹಸು ಮೂತಿ ತಿರುಗಿಸಿ ಸೀರೆ ಮೂಸಿತು. "ಬಾರವ್ವ ನನ್ ಚಿನ್ನ, ಕೊಡವ್ವ," ಎಂದು ಜವರಪ್ಪ ಹೆಂಡತಿಯ ರಾಗದಲ್ಲೇ ಹೇಳತೊಡಗಿದರು. ಸ್ವಲ್ಪ ಹೊತ್ತಿಗೆ ಕೊಳವೆಯಲ್ಲಿ ಹಾಲು ಹರಿಯುವುದು ಕಂಡಿತು.

ನನಗೆ ನಗು ತಡೆಯಲಾಗಲಿಲ್ಲ. ಫೋನ್ ತೆಗೆದು ವಿಡಿಯೋ ಮಾಡಿಕೊಂಡೆ. ಹೊರಗೆ ಬಂದು ಓನರಿಗೆ ಫೋನಿನಲ್ಲಿ ವಿಷಯ ಹೇಳಿದೆ. ಆದಿನಾರಾಯಣಪ್ಪ ಕುಣಿದಾಡಿಬಿಟ್ಟರು. "ಕಳ್ಸಯ್ಯಾ ಅದನ್ನ! ಲಕ್ಷಾಂತರ ಜನ ನೋಡ್ತಾರೆ. ದುಡ್ಡಿಲ್ದೆ ಜಾಹೀರಾತು!"

ಫೋನ್ ಇಟ್ಟು ನೋಡಿದರೆ ಕೀರ್ತನ ಎದುರಿಗೆ ನಿಂತಿದ್ದಳು.

"ಡಿಲೀಟ್ ಮಾಡಿ ಸರ್."

"ತಲೆ ನೆಟ್ಟಗಿದೆಯಾ? ಇದು ನಿನ್ನ ಕೆಲಸ ಉಳಿಸೋ ವಿಡಿಯೋ!"

"ಅಣ್ಣ ನಮ್ಮನ್ನ ನಂಬಿ ಕೊಟ್ಟಿಗೆಗೆ ಬಿಟ್ಕೊಂಡ್ರು ಸರ್. ನಾಳೆ ಅವರು ಡೈರಿ ಮುಂದೆ ತಲೆ ಎತ್ಕೊಂಡು ನಿಂತ್ಕೋಬೇಕು. ಊರೆಲ್ಲ ಅವರನ್ನ ನೋಡಿ ನಕ್ಕರೆ, ಈ ಊರಲ್ಲಿ ಇನ್ಯಾವ ಗಂಡಸೂ ಹೆಂಡ್ತೀನ ತವರಿಗೆ ಕಳ್ಸಲ್ಲ. ಮಿಷಿನ್ನೂ ತಗೊಳಲ್ಲ."

ಬಾಯಿಗೆ ಬಂದ ಬೈಗುಳ ಬಾಯಲ್ಲೇ ಉಳಿಯಿತು. ಡಿಲೀಟ್ ಮಾಡಿದೆ. ವಿಡಿಯೋ ಎಲ್ಲಿ ಎಂದು ಮತ್ತೆ ಓನರ್ ಫೋನು ಬಂತು. ಅವಳೇ ಇಸಿದುಕೊಂಡು, "ನಾನೇ ಅಳಿಸಿ ಅಂದೆ ಸರ್," ಎಂದಳು. ಆ ಕಡೆಯಿಂದ ಬಂದ ಕೂಗು ನನಗೂ ಕೇಳಿಸಿತು: ಸೋಮವಾರದಿಂದ ಕೆಲಸಕ್ಕೆ ಬರಬೇಡ.

"ಆಯ್ತು ಸರ್. ಕದಿರಮ್ಮಕ್ಕ ವಾಪಸ್ ಬರೋವರೆಗೆ ಇಲ್ಲಿರ್ತೀನಿ. ಮಾತು ಕೊಟ್ಟಿದೀನಿ," ಎಂದು ಫೋನು ನನ್ನ ಕೈಗಿಟ್ಟು ಒಳಗೆ ಹೋದಳು. ಪಾಪ, ಕೆಲಸ ಕಳೆದುಕೊಂಡ ಹುಡುಗಿ ಕೊಳವೆಗಳನ್ನು ಬಿಸಿನೀರಿನಲ್ಲಿ ತೊಳೆಯುತ್ತ ಕೂತಿದ್ದಳು. ಇಂಥವಳನ್ನು ನಾನು ಹಸುವಿಗೆ ಇತಿಹಾಸ ಹೇಳ್ತೀಯಾ ಎಂದಿದ್ದೆನಲ್ಲ!

ಭಾನುವಾರ ಸಂಜೆ ಮಿಷಿನ್ನನ್ನೂ ಅವಳನ್ನೂ ಕರೆತರಲು ಹೋದೆ. ಡೈರಿಯಲ್ಲಿ ಹಾಲು ಹಾಕುವ ಹೊತ್ತು. ಸಾಲಿನಲ್ಲಿ ಎಲ್ಲ ಹೆಂಗಸರು, ನಡುವೆ ಜವರಪ್ಪ ಒಬ್ಬರೇ ಕ್ಯಾನ್ ಹಿಡಿದು ನಿಂತಿದ್ದರು. ಕಟ್ಟೆಯ ಮೇಲೆ ಕೂತಿದ್ದ ಗಂಡಸರಲ್ಲಿ ಕೆಂಪರಾಜ್ ಎಂಬುವನು ಛೇಡಿಸಿದ.

"ಏನ್ಲಾ ಜವರಪ್ಪಾ, ಹೆಂಡ್ತಿ ಬಿಟ್ಟೋದ್ಲಾ?"

ಜವರಪ್ಪ ಕ್ಯಾನ್ ಕೆಳಗಿಟ್ಟರು. ಪಕ್ಕದಲ್ಲಿದ್ದ ಕೀರ್ತನ ಒಂದು ಹೆಜ್ಜೆ ಮುಂದೆ ಬಂದಳು.

"ತವರಿಗ್ ಹೋಗವ್ಳೆ. ನಾನೇ ಕಳ್ಸಿದ್ದು," ಎಂದರು ಜವರಪ್ಪ. "ಮಿಷಿನ್ನಾಗೆ ಹಾಲು ಕರೀತಾವ್ನಿ. ಪುಟ್ಟಿ ಒದೀತು. ಅವಳ ಸೀರೆ ಹೊದ್ಕಂಡು ಕೂತ್ಕಂಡೆ, ಬಿಡ್ತು. ಏನೀಗ? ನಗಂಗಿದ್ರೆ ನಕ್ಕಳ್ರಲಾ. ಕಾಂತರಾಜಪ್ಪ ವಿಡಿಯೋ ಮಾಡಿದ್ದ, ಈ ಹೆಣ್ಮಗ ಕೆಲಸ ಹೋದ್ರೂ ಸರಿ ಅಂತ ಅಳಿಸಾಕ್ಸುದ್ಲು. ಗ್ವಾಡೆ ಹಿಂದೆ ಎಲ್ಲ ಕೇಳುಸ್ಕಂಡೆ ನಾನು. ನನ್ ಮಾನ ಅವಳು ಕಾಪಾಡವ್ಳೆ, ಅವಳ ಕೆಲಸ ನಾನ್ ಉಳುಸ್ಬ್ಯಾಡ್ವಾ?"

ಗಂಡಸರು ನಕ್ಕರು, ನಿಜ. ಹೆಂಗಸರು ನಗಲಿಲ್ಲ. ಭಾನುಪ್ರಿಯಾ ಎಂಬ ಎಳೇ ಸೊಸೆ ಸಾಲು ಬಿಟ್ಟು ಮುಂದೆ ಬಂದಳು.

"ಮಾವಾ, ಹಾಲು ಕಮ್ಮಿ ಆಗ್ಲಿಲ್ವಾ?"

"ಅಳೆಯೋರು ಇಲ್ಲೇ ಅವ್ರೆ, ಕೇಳವ್ವ."

ಡೈರಿಯವನು ಇಲ್ಲ ಎಂದು ತಲೆಯಾಡಿಸಿದ. ಭಾನುಪ್ರಿಯಾ ಕಟ್ಟೆಯ ಮೇಲಿದ್ದ ಗಂಡನ ಕಡೆ ತಿರುಗಿ, "ಕೇಳಿಸ್ತಾ?" ಎಂದಳು. ಈ ಸಲ ಹೆಂಗಸರೆಲ್ಲ ಹೋ ಎಂದು ನಕ್ಕರು. ಅಷ್ಟರಲ್ಲಿ ಬಸ್ಸಿಳಿದು ಕದಿರಮ್ಮ ಬಂದಳು, ಮುಡಿ ತುಂಬ ಹೂವು, ಕೈ ತುಂಬ ಹಸಿರು ಬಳೆ. ಗಂಡನನ್ನು ಮಾತಾಡಿಸುವ ಮೊದಲು ಕೀರ್ತನಳ ಕೆನ್ನೆ ಹಿಡಿದು ನೋಡಿದಳು. "ನಮ್ಮವ್ವ ನಿನ್ನ ಕೇಳಿದ್ಲು ಕಣವ್ವ," ಎಂದಳು. ಹುಡುಗಿ ಅಲ್ಲಿಯವರೆಗೆ ತಡೆದುಕೊಂಡಿದ್ದಳು. ಆಗ ಅತ್ತುಬಿಟ್ಟಳು.

ಮಿಷಿನ್ನನ್ನು ವಾಪಸ್ ತರಲಾಗಲಿಲ್ಲ. ಅದರ ಜೊತೆಗೆ ಇನ್ನೂ ಎಂಟು ಮನೆಯವರು ಹಬ್ಬದೊಳಗೆ ಬೇಕು ಎಂದರು. ಹೆಂಗಸರದ್ದು ಒಂದೇ ಹಟ. ಮೊದಲೆರಡು ದಿನ ಈ ಹುಡುಗಿಯೇ ಬಂದು ಗಂಡಸರಿಗೆ ಕಲಿಸಬೇಕು, ಬೇರೆ ಯಾರೂ ಬೇಡ. ನಾನು ಓನರಿಗೆ ಫೋನ್ ಮಾಡಿ ಅಷ್ಟನ್ನೇ ಹೇಳಿದೆ. ಮಾರನೆಯ ದಿನ ಮುಖ ಗಂಟು ಹಾಕಿಕೊಂಡೇ ಬಂದರು. ಅವಳ ಮೇಜಿನ ಮೇಲೆ ಕಾಯಂ ಆರ್ಡರ್ ಇಟ್ಟು, "ಹೊಸ ಪಾಂಪ್ಲೆಟ್ಟು ನೀನೇ ಬರಿಯಮ್ಮ," ಎಂದರು. ಅವಳು ಬರೆದದ್ದು ಎರಡೇ ಸಾಲು. "ಈ ಹಬ್ಬಕ್ಕೆ ತವರಿಗೆ ಹೋಗಿ ಬನ್ನಿ. ಹಸುವನ್ನು ಮನೆಯವರು ನೋಡಿಕೊಳ್ಳುತ್ತಾರೆ." ಅದನ್ನು ಹೆಂಗಸರ ಕೈಗೇ ಕೊಟ್ಟೆವು. ಅದರಲ್ಲಿ ಯಾರೂ ಬೋಂಡ ತಿನ್ನಲಿಲ್ಲ.

ಗೌರಿ ಹಬ್ಬದ ಮಧ್ಯಾಹ್ನ ಮಿಷಿನ್ನುಗಳಿಗೆ ಏನೂ ತೊಂದರೆಯಾಗದಿರಲಿ ಎಂದು ನಾವಿಬ್ಬರೂ ಆ ಊರಿಗೆ ಹೋದೆವು. ಮನೆಮನೆಯ ಕೊಟ್ಟಿಗೆ ಸುತ್ತಿ, ಸಂಜೆ ಡೈರಿ ಹತ್ತಿರ ಬಂದೆವು. ಸಾಲಿನಲ್ಲಿ ಜವರಪ್ಪ, ಅವರ ಹಿಂದೆ ಭಾನುಪ್ರಿಯಾಳ ಗಂಡ, ಅವನ ಹಿಂದೆ ಆ ಕೆಂಪರಾಜನೂ ಕ್ಯಾನ್ ಹಿಡಿದು ನಿಂತಿದ್ದ! ಒಂಬತ್ತು ಮನೆಯ ಹೆಂಗಸರೂ ತವರಿನಲ್ಲಿದ್ದರು. ಕೀರ್ತನ ಬೇಲಿಯ ಪಕ್ಕ ನಿಂತು ಆ ಸಾಲನ್ನೇ ನೋಡುತ್ತಿದ್ದಳು. ನನಗೂ ಕಣ್ಣು ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ.

ಜವರಪ್ಪ ಅವಳನ್ನು ಕಂಡು ಸಾಲಿನಿಂದಲೇ ಕೂಗಿದರು. "ಅಲ್ಲಾ ಕಣವ್ವ, ಊರ ಹೆಣ್ಮಕ್ಕಳನ್ನೆಲ್ಲ ತವರಿಗೆ ಕಳ್ಸ್‌ಬುಟ್ಟು ನೀನ್ಯಾಕೆ ಇಲ್ಲಿ ನಿಂತಿದೀಯ ಹಬ್ಬದ್ ದಿನ? ನಿಮ್ಮವ್ವ ದಾರಿ ನೋಡ್ತಿರಾಕಿಲ್ವಾ?"

"ನಾಳೆ ಬೆಳಗ್ಗೆ ಹಾಲು ಕರೆಯೋವಾಗ ಏನಾದ್ರೂ ಆದ್ರೆ ಅಣ್ಣ..."

"ಏನೂ ಆಗಾಕಿಲ್ಲ. ನಾವಿಲ್ವಾ, ನೋಡ್ಕತೀವಿ. ಹೋಗು ನಿಮ್ಮವ್ವನ್ ತಾವ್ಕೆ," ಎಂದರು. ಹಿಂದಿನಿಂದ ಕೆಂಪರಾಜನೂ, "ಹೋಗವ್ವ ಹೋಗು," ಎಂದ.

ನಾನು ಬೈಕನ್ನು ನೆಲಮಂಗಲದ ಕಡೆಗೆ ತಿರುಗಿಸಿ ನಿಲ್ಲಿಸಿದೆ. "ಹತ್ತು, ನೋಡ್ತೀಯೇನು ಮುಖಾನ," ಎಂದು ಗದರಿದೆ. ಬಿ.ಎ. ಓದಿದ ಹುಡುಗಿ ಅವತ್ತೊಂದು ದಿನ ನನ್ನ ಮಾತಿಗೆ ಎದುರಾಡದೆ ಹತ್ತಿ ಕೂತಳು.