ಮುಚ್ಚಳದಮ್ಮನ ಪೆಟ್ಟಿಗೆ

ಒಲೆಯವನು ಗುಂಡಿಯನ್ನು ಮತ್ತೊಮ್ಮೆ ಒತ್ತಿದ. ಚಿತಾಗಾರದ ಕಬ್ಬಿಣದ ಬಾಗಿಲು ಜಪ್ಪಯ್ಯ ಎಂದರೂ ಅಲುಗಲಿಲ್ಲ.

“ದಾಖಲೆ ಬಂದಿಲ್ಲ ಸ್ವಾಮಿ,” ಎಂದ. “ಆಸ್ಪತ್ರೆಯಿಂದ ಮರಣದ ದಾಖಲೆ ಬಂದು ಈ ಪರದೆ ಮೇಲೆ ಬೀಳೋತನಕ ಬೀಗ ಬಿಡಲ್ಲ. ನನ್ನ ಕೈಲೇನೂ ಇಲ್ಲ.”

“ಮಧ್ಯಾಹ್ನವೇ ಡಾಕ್ಟ್ರು ಸಹಿ ಹಾಕಿದಾರಲ್ಲಪ್ಪ,” ಎಂದರು ಡ್ರೈವರು.

ತೀರಿಕೊಂಡವರ ಗಂಡ ಇವರು. ಊರಿನ ಬಸ್ಸು ಓಡಿಸಿ ಓಡಿಸಿ ನಿವೃತ್ತರಾದ ಮೇಲೂ ಎಲ್ಲರ ಬಾಯಲ್ಲಿ ಡ್ರೈವರಾಗಿಯೇ ಉಳಿದವರು. ಹೆಂಡತಿಯ ಪಾದದ ಬಳಿ ಒಂದು ಕೈ ಇಟ್ಟುಕೊಂಡು ನಿಂತಿದ್ದರು. ತೆಗೆದರೆ ಎಲ್ಲಿ ಯಾರಾದರೂ ಕರೆದುಕೊಂಡು ಹೋಗಿಬಿಡುತ್ತಾರೋ ಎಂಬಂತೆ.

“ಸಹಿ ಹಾಕಿರ್ಬಹುದು. ನಡುವೆ ಎಲ್ಲೋ ಸಿಕ್ಕಿಹಾಕ್ಕೊಂಡಿದೆ. ಐದು ಗಂಟೆಯೊಳಗೆ ಬಂದ್ರೆ ಸರಿ. ನಾಳೆಯಿಂದ ಒಲೆ ರಿಪೇರಿ, ಒಳಗಿನ ಇಟ್ಟಿಗೆಯೆಲ್ಲ ಕಿತ್ತು ಹೊಸದು ಕೂರಿಸ್ತಾರೆ. ವಾರ ಹಿಡಿಯುತ್ತೆ.”

“ವಾರಾನಾ?” ಎಂದಳು ಮಗಳು. “ಅಲ್ಲೀತನಕ ಅಮ್ಮ?”

ಶವಾಗಾರದ ಮಾತನ್ನು ಮಗಳ ಎದುರು ಎತ್ತುವುದು ಒಲೆಯವನಿಗೂ ಕಷ್ಟವಾಯಿತು.

ಎಲ್ಲರೂ ಆತುರಪ್ಪನ ಕಡೆ ತಿರುಗಿದರು. ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ತುತ್ತು ಬಾಯಿಗೆ ಹೋಗುವ ಮೊದಲೇ ಕೈ ತೊಳೆಯಲು ಏಳುವ ಜಾಯಮಾನದವನು. ತೀರಿಕೊಂಡವರನ್ನು ಅಕ್ಕ ಎನ್ನುತ್ತಾ ಅವರ ಕೈಕೆಳಗೆ ಕೆಲಸ ಕಲಿತು, ಈಗ ಅವರ ಕುರ್ಚಿಯಲ್ಲೇ ಕೂರುವವನು. ಅವನು ಫೋನು ನೋಡಿದ, ಒರೆಸಿ ಇನ್ನೊಮ್ಮೆ ನೋಡಿದ.

“ಪೆಟ್ಟಿಗೆ ತಡೆದಿದೆ, ಭಾವ.”

“ಯಾವ ಪೆಟ್ಟಿಗೆ?”

“ಇನ್ಯಾವ್ದು? ನಮ್ಮಕ್ಕನ ಪೆಟ್ಟಿಗೆ.”

ಅಳುತ್ತಿದ್ದ ಮಗಳಿಗೆ ನಗು ಬಂದುಬಿಟ್ಟಿತು. “ಅಮ್ಮ ಕಟ್ಟಿದ ಪೆಟ್ಟಿಗೆ ಅಮ್ಮನಿಗೇ ಅಡ್ಡಗಾಲು ಹಾಕಿದೆಯಾ ಮಾವ?” ಎಂದು ನಗುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

*

ಆ ಪೆಟ್ಟಿಗೆಯ ಕತೆ ಶುರುವಾದದ್ದು ಅಡುಗೆಮನೆಯಲ್ಲಿ. ಮದುವೆಯಾದ ಹೊಸತು. ಹೆಂಡತಿಗೆ ಆಸ್ಪತ್ರೆಗಳ ಕಂಪ್ಯೂಟರ್ ದಾಖಲೆ ನೋಡಿಕೊಳ್ಳುವ ಕಚೇರಿಯಲ್ಲಿ ಕೆಲಸ. ಡ್ರೈವರು ಪಾಳಿ ಮುಗಿಸಿ ಬಂದರೆ, ಹೆಂಡತಿ ಮನೆಯಲ್ಲಿದ್ದ ಡಬ್ಬಿಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಿದ್ದರು. ದೊಡ್ಡದರೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು.

“ಏನೇ ಇದು, ಅಂಗಡಿ ಇಟ್ಟಿದೀಯಾ?”

“ಇದು ಒಬ್ಬ ರೋಗಿಯ ದಾಖಲೆ ಕಣ್ರೀ. ದೊಡ್ಡ ಡಬ್ಬಿ ರೋಗಿ. ಒಳಗಿನದು ಔಷಧ. ಅದರೊಳಗೆ ಎಷ್ಟು, ಯಾವಾಗ ಅನ್ನೋದು. ಒಂದೊಂದಕ್ಕೂ ಅದರದೇ ಮುಚ್ಚಳ. ಈ ಆಸ್ಪತ್ರೆಯವರು ಹೀಗೆ ಜೋಡಿಸ್ತಾರೆ, ಆ ಆಸ್ಪತ್ರೆಯವರು ಹಾಗೆ. ಇಲ್ಲಿಂದ ಅಲ್ಲಿಗೆ ಕಳಿಸುವಾಗ ಎಲ್ಲ ಬಿಚ್ಚಿ ಬೇರೆ ಥರ ಜೋಡಿಸ್ಬೇಕು.”

“ಕಂಪ್ಯೂಟರು ಮಾಡಲ್ವಾ?”

“ಮಾಡುತ್ತೆ. ಮೊದಲು ಇಡೀ ಮನೆ ತುಂಬ ಹರಡಿಕೊಳ್ಳುತ್ತೆ, ಆಮೇಲೆ ಜೋಡಿಸುತ್ತೆ. ಅಷ್ಟ್ರಲ್ಲಿ ತುರ್ತು ವಾರ್ಡಿನ ಡಾಕ್ಟ್ರು ಖಾಲಿ ಪರದೆ ನೋಡ್ಕೊಂಡು ನಿಂತಿರ್ತಾರೆ. ನಾನು ಆ ಕೆಲಸಾನ ಒಂದು ಪೆಟ್ಟಿಗೆಯೊಳಗಿನ ಸರ್ಕ್ಯೂಟಿಗೇ ಕಲಿಸ್ತೀನಿ. ಹರಡೋದೇ ಇಲ್ಲ. ಈ ಕೈಲಿ ತಗೊಳ್ತಾ ಆ ಕೈಲಿ ಕೊಡ್ತಾ ಹೋಗುತ್ತೆ.”

“ಊಟ?”

“ಡಬ್ಬಿಯೆಲ್ಲ ಇಲ್ಲಿದೆಯಲ್ಲ, ಊಟ ಎಲ್ಲಿಂದ ಬರುತ್ತೆ?”

ಅಂದು ಇಬ್ಬರೂ ಹೋಟೆಲಿನಲ್ಲಿ ಉಂಡರು.

ಹೇಳಿದಷ್ಟು ಸುಲಭವಾಗಿ ಆಗಲಿಲ್ಲ. ಕಂಪ್ಯೂಟರು ಇರುವಾಗ ಅದಕ್ಕೊಂದು ಬಾಲ ಬೇರೆ ಬೇಕೇ ಎಂದು ಕಚೇರಿಯವರು ನಕ್ಕರು. ಸರ್ಕ್ಯೂಟ್ ಹಲಗೆಗಳು ಸುಟ್ಟವು, ಮತ್ತೆ ಬೆಸುಗೆ ಹಾಕಿದ್ದಾಯಿತು, ಮತ್ತೆ ಸುಟ್ಟವು. ಮಗಳು ಹುಟ್ಟಿ, ನಡೆದು, ಶಾಲೆಗೆ ಸೇರಿದ ಮೇಲೆ ಪೆಟ್ಟಿಗೆ ಕೆಲಸಕ್ಕೆ ನಿಂತಿತು. ನಿಂತ ಮೇಲೆ ನಕ್ಕವರ ಬಾಯಿ ಬಂದಾಯಿತು. ಚಹಾ ತಣ್ಣಗಾಗುವತನಕ ಕಾಯಿಸುತ್ತಿದ್ದ ದಾಖಲೆಗಳು ರೆಪ್ಪೆ ಬಡಿಯುವುದರೊಳಗೆ ಹೋಗತೊಡಗಿದವು. ಊರಿನ ಆಸ್ಪತ್ರೆಗಳು, ರಕ್ತನಿಧಿ, ಔಷಧದಂಗಡಿಗಳು, ಕೊನೆಗೆ ಚಿತಾಗಾರ ಕೂಡ ಅದರ ಮೂಲಕವೇ ಮಾತಾಡಿಕೊಳ್ಳುತ್ತಿದ್ದವು. ಎಷ್ಟೋ ಜೀವ ಅದರಿಂದ ಉಳಿದಿದೆ. ಉಳಿದವರಿಗೆ ಅಂಥದ್ದೊಂದು ಪೆಟ್ಟಿಗೆ ಇದೆಯೆಂದೇ ಗೊತ್ತಿಲ್ಲ. ಒಂದು ಮುಚ್ಚಳ ಕಡಿಮೆಯಿದ್ದರೂ, ಗೊತ್ತಿಲ್ಲದ ಡಬ್ಬಿಯೊಂದು ನಡುವೆ ನುಸುಳಿದರೂ ಪೆಟ್ಟಿಗೆ ದಾಖಲೆಯನ್ನು ತಡೆದು ನಿಲ್ಲಿಸುತ್ತಿತ್ತು. ಹಾಗಾಗಿ ಕಟ್ಟಿದವರಿಗೆ ಕಚೇರಿಯಲ್ಲಿ ಮುಚ್ಚಳದಮ್ಮ ಎಂದೇ ಹೆಸರಾಯಿತು. ಮನೆಯಲ್ಲೂ ಅಷ್ಟೇ. ಉಪ್ಪಿನ ಡಬ್ಬಿ ತೆರೆದಿಟ್ಟು ಹೋಗುವ ಧೈರ್ಯ ಅಪ್ಪ ಮಗಳಿಬ್ಬರಿಗೂ ಇರಲಿಲ್ಲ.

*

“ಕೀಲಿ ನಿನ್ನ ಹತ್ರಾನೇ ಇದೆಯಲ್ಲ?” ಎಂದು ಡ್ರೈವರು ಕೇಳಿದರು. “ತಿರುಗಿಸಿದ್ರೆ ಪೆಟ್ಟಿಗೆ ಏನೂ ನೋಡದೆ ಬಿಟ್ಟುಬಿಡುತ್ತೆ ಅಂತ ಅವಳೇ ಹೇಳ್ತಿದ್ಲು.”

ಆತುರಪ್ಪನ ಕೈ ಅಂಗಿಯ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. “ಇದೆ. ಮೊದಲು ಯಾಕೆ ತಡೆದಿದೆ ನೋಡೋಣ ಭಾವ. ಅದನ್ನ ಆಸ್ಪತ್ರೆಗೇ ಹೋಗಿ ನೋಡ್ಬೇಕು. ಜನರ ರೋಗದ ವಿಷಯ ಫೋನಿಗೆ ಬರಕೂಡದು ಅಂತ ಅಕ್ಕ ಕಟ್ಟುನಿಟ್ಟು ಮಾಡಿದಾರೆ.”

“ನಡಿ. ವ್ಯಾನು ನಾನೇ ಓಡಿಸ್ತೀನಿ.” ಡ್ರೈವರು ಮಗಳ ತಲೆ ಮುಟ್ಟಿದರು. “ದಾಖಲೆ ಬಂದ್ರೂ ನಾನು ಬರೋತನಕ ಒಳಗೆ ಕಳಿಸ್ಬೇಡ ಮಗಾ. ಮದುವೆಯಾದಾಗಿನಿಂದ ಬೆಳಗ್ಗೆ ಬಾಗಿಲಲ್ಲಿ ನಿಂತು ಅವಳೇ ನನ್ನ ಕಳಿಸಿದ್ದು. ಇದೊಂದು ಸಲ ನಾನು ಕಳಿಸ್ಬೇಕು. ಅಷ್ಟೇ ನನಗೆ ಬೇಕಾಗಿರೋದು.”

ಶವದ ವ್ಯಾನನ್ನು ಅವರು ಬಸ್ಸಿನಂತೆಯೇ ಓಡಿಸಿದರು, ಎರಡೂ ಕೈ ಸ್ಟೀರಿಂಗಿನ ಮೇಲೆ, ಕಣ್ಣು ದೂರದಲ್ಲಿ. ಶಾಲೆ ಬಿಡುವ ಹೊತ್ತು. ರಸ್ತೆಯೆಲ್ಲ ತುಂಬಿತ್ತು. ಆತುರಪ್ಪ ಜೇಬಿನ ಕೀಲಿಯನ್ನು ಬೆರಳಲ್ಲಿ ಹೊರಳಿಸುತ್ತಾ ಕೂತಿದ್ದ.

*

ಅವನಿಗೆ ಆ ಕೀಲಿ ಸಿಕ್ಕ ಬಗೆಯೇ ವಿಚಿತ್ರ. ತಡೆದ ದಾಖಲೆಯನ್ನು ಪಕ್ಕಕ್ಕಿಟ್ಟು ಉಳಿದವನ್ನು ಬಿಡುವುದು ಪೆಟ್ಟಿಗೆಗೆ ಆಗಿನ್ನೂ ಬರುತ್ತಿರಲಿಲ್ಲ. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಜೆ, ಸರಿಯಿಲ್ಲದ ದಾಖಲೆಯೊಂದು ಪೆಟ್ಟಿಗೆಯ ಬಾಯಲ್ಲಿ ನಿಂತು ಹಿಂದೆ ಸಾಲು ಬೆಳೆದಿತ್ತು. ಮುಚ್ಚಳದಮ್ಮ ಮನೆಗೆ ಹೋಗಿದ್ದರು. ಇವನು ಮೇಜಿನಿಂದ ಕೀಲಿ ತೆಗೆದು ತಿರುಗಿಸಿಬಿಟ್ಟ. ಸಾಲು ಕರಗಿತು. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ. ಆದರೆ ಆ ದಾಖಲೆ ಬಾಲ ಕತ್ತರಿಸಿಕೊಂಡು ಹೋಗಿತ್ತು. ಅದು ಒಂದು ಮಗುವಿನದು. ಈ ಔಷಧ ಈ ಮಗುವಿಗೆ ಆಗದು ಎಂಬ ಮಾತು ಇದ್ದದ್ದೇ ಆ ಬಾಲದಲ್ಲಿ. ಸೂಜಿ ಹಿಡಿದ ನರ್ಸಿಗೆ ಏನೋ ಅನುಮಾನ ಬಂದು ತಾಯಿಯನ್ನು ಕೇಳಿದ್ದರಿಂದ ಮಗು ಬದುಕಿತು.

ಮಾರನೆಯ ದಿನ ಅವನು ರಾಜೀನಾಮೆ ಹಿಡಿದು ನಿಂತ. ಮುಚ್ಚಳದಮ್ಮ ಅದನ್ನು ಓದಲೂ ಇಲ್ಲ. ಅವನನ್ನು ಕರೆದುಕೊಂಡು ಹೋಗಿ ಆ ಮಗು ಮಲಗಿದ್ದ ಮಂಚದ ಪಕ್ಕ ಕೂರಿಸಿದರು. ಮಗು ಇವನ ಪೆನ್ನು ಕಿತ್ತುಕೊಂಡು ಹಾಸಿಗೆಯ ಮೇಲೆ ಗೀಚಿತು. ಹೊರಗೆ ಬಂದ ಮೇಲೆ ಕೀಲಿಯನ್ನು ಅವನ ಅಂಗೈಲಿಟ್ಟರು.

“ನನಗಾ, ಅಕ್ಕ?”

“ಇನ್ಯಾರಿಗೆ ಕೊಡ್ಲಿ? ಕೈ ಸುಟ್ಕೊಂಡವನಿಗೇ ಬೆಂಕಿ ಅಂದ್ರೇನು ಅಂತ ಗೊತ್ತಿರೋದು. ಇನ್ನು ನಾನು ನಿಶ್ಚಿಂತೆಯಾಗಿ ನಿದ್ದೆ ಮಾಡ್ತೀನಿ.”

ಅಂದಿನಿಂದ ಅವನು ಎಲ್ಲದಕ್ಕೂ ಆತುರಪಟ್ಟ, ಅದೊಂದನ್ನು ಬಿಟ್ಟು.

*

ಆಸ್ಪತ್ರೆಯ ನೆಲಮಾಳಿಗೆ ತಣ್ಣಗಿತ್ತು. ಫ್ಯಾನುಗಳ ಸದ್ದು ಬಿಟ್ಟರೆ ಬೇರೇನಿಲ್ಲ. ಆತುರಪ್ಪ ಕಪಾಟಿನ ಬಾಗಿಲು ತೆರೆದು ತೋರಿಸಿದ.

“ಇಷ್ಟೇನಾ?” ಎಂದರು ಡ್ರೈವರು. ಊಟದ ತಟ್ಟೆಯಗಲದ ಬೂದು ಬಣ್ಣದ ಪೆಟ್ಟಿಗೆ. “ಅವಳು ಹೇಳೋದು ಕೇಳಿ ಬೀರುವಿನಷ್ಟು ದೊಡ್ಡದಿರ್ಬೇಕು ಅನ್ಕೊಂಡಿದ್ದೆ. ಈ ದೀಪ ಏನು?”

“ಒಂದೊಂದು ದಾಖಲೆ ಹೋದಾಗಲೂ ಮಿಣುಕುತ್ತೆ.”

ಪೆಟ್ಟಿಗೆಯ ಮೂಲೆಯಲ್ಲಿ ಸಾಸಿವೆಯಷ್ಟು ಹಸಿರು ದೀಪ ಬಿಟ್ಟು ಬಿಟ್ಟು ಮಿಣುಕುತ್ತಿತ್ತು. ಡ್ರೈವರು ಅದನ್ನೇ ನೋಡುತ್ತಾ ನಿಂತರು. ಆತುರಪ್ಪ ಪರದೆಯನ್ನು ಓದಿದ. “ಉದ್ಯೋಗ ಅನ್ನೋ ಡಬ್ಬಿಯೊಳಗೆ ಯಾವುದೋ ಹೊಸ ಡಬ್ಬಿ ಸೇರಿಸಿದಾರೆ. ಅದು ಈ ಪೆಟ್ಟಿಗೆಗೆ ಗೊತ್ತಿಲ್ಲ. ಅದಕ್ಕೇ ತಡೆದಿದೆ.”

ಮೇಲಿನ ದಾಖಲೆ ವಿಭಾಗದಿಂದ ಅಲ್ಲಿನ ಮುಖ್ಯಸ್ಥೆ ಓಡಿಬಂದರು. ಮುಚ್ಚಳದಮ್ಮನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅತ್ತು ಅತ್ತು ಕಣ್ಣು ಊದಿತ್ತು.

“ನಂದೇ ತಪ್ಪು ಸಾರ್. ಉದ್ಯೋಗದ ಪಟ್ಟಿಯಲ್ಲಿ ಮೇಡಂ ಕೆಲಸ ಇರಲೇ ಇಲ್ಲ. ಅಂಥವರಿಗೆ ‘ಇತರೆ’ ಅಂತ ಹಾಕೋಕೆ ಕೈ ಬರಲಿಲ್ಲ. ನಾನೇ ಒಂದು ಜಾಗ ಮಾಡಿ ಬರೆದೆ, ಈ ಊರಿನ ಆಸ್ಪತ್ರೆಗಳಿಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯೋ ಹಾಗೆ ಮಾಡಿದವರು ಅಂತ.”

ಆತುರಪ್ಪನಿಗೆ ಸಿಟ್ಟು ಮಾಡಬೇಕೋ ಅಳಬೇಕೋ ತಿಳಿಯಲಿಲ್ಲ. “ಪಟ್ಟಿ ಮಾಡಿದ್ದು ಅಕ್ಕನೇ ಅಲ್ವಾ! ಊರಿನವರ ಕೆಲಸವೆಲ್ಲ ಸೇರಿಸಿ ತಮ್ಮದನ್ನೇ ಬಿಟ್ಟಿದಾರೆ.”

“ಬಸ್ ಡ್ರೈವರು ಇದೆಯಾ ಅದರಲ್ಲಿ?” ಎಂದರು ಡ್ರೈವರು.

“ಮೊಟ್ಟಮೊದಲನೇದೇ ಅದು, ಭಾವ.”

ಡ್ರೈವರು ಕನ್ನಡಕ ತೆಗೆದು ಒರೆಸಿಕೊಂಡರು.

ದಾಖಲೆಯನ್ನು ತಿದ್ದುವುದು ಕ್ಷಣದ ಕೆಲಸ. ಆದರೆ ತಿದ್ದಿದ ಮೇಲೆ ಡಾಕ್ಟರು ಮತ್ತೆ ಸಹಿ ಹಾಕಬೇಕು, ಅದರ ಕೆಳಗೆ ಇಲ್ಲೇ ಗಂಡನ ಸಹಿಯೂ ಬೀಳಬೇಕು. ಡಾಕ್ಟರು ಆಪರೇಷನ್ನಿನಲ್ಲಿದ್ದರು. ಹೊರಗೆ ಬರುವಷ್ಟರಲ್ಲಿ ಐದಕ್ಕೆ ಹತ್ತಿರವಾಗುತ್ತದೆ ಎಂದು ಮೇಲಿನವರು ಹೇಳಿದರು. ದಾಖಲೆ ಆಗ ಹೋದರೂ ಒಲೆ ಆರಿಸುವ ಮೊದಲು ಮುಟ್ಟುತ್ತದೆ. ಡ್ರೈವರು ಮುಟ್ಟುವುದಿಲ್ಲ. ಆ ರಸ್ತೆಯಲ್ಲಿ ಎಷ್ಟು ಹೊತ್ತು ಬೇಕೆಂದು ಅವರಿಗಿಂತ ಚೆನ್ನಾಗಿ ತಿಳಿದವರಿಲ್ಲ.

ಆತುರಪ್ಪ ಕೀಲಿಯನ್ನು ತೂತಿಗೆ ತೂರಿಸಿದ. “ತಿರುಗಿಸ್ತೀನಿ ಭಾವ. ಇದರಲ್ಲಿ ಯಾರಿಗೂ ಕೆಡುಕಿಲ್ಲ. ಒಳಗಿರೋದು ಹೊಗಳಿಕೆ, ಅದೂ ಸತ್ಯವೇ. ಈಗ ಹೊರಟ್ರೆ ಹೋಗಿ ಮುಟ್ತೀರಿ. ಅಕ್ಕನಿಗೋಸ್ಕರ ನಾನು ಇದೊಂದು ಮಾಡ್ತೀನಿ.”

“ತಿರುಗಿಸಿದ್ರೆ ಅವಳದೊಂದೇ ಹೋಗುತ್ತಾ?”

ಆತುರಪ್ಪ ಪರದೆಯ ಕಡೆ ನೋಡಿದ. “ಇಲ್ಲ. ಮತ್ತೆ ಮುಚ್ಚೋತನಕ ಬಂದದ್ದೆಲ್ಲ ನೋಡದೆ ಹೋಗುತ್ತೆ. ಒಂದು ಗಳಿಗೆ ಅಷ್ಟೇ.”

ದೀಪ ಮಿಣುಕಿತು. ಯಾರದೋ ರಕ್ತದ ಗುಂಪು. ಮತ್ತೆ ಮಿಣುಕಿತು. ಯಾರದೋ ಮಗುವಿನ ಔಷಧ.

“ಬೇಡಪ್ಪ,” ಎಂದರು ಡ್ರೈವರು. “ಒಂದೇ ಒಂದು ಗಳಿಗೆ ಬ್ರೇಕಿಲ್ಲದೆ ಬಸ್ಸು ಓಡಿಸು ಅಂತ ನನಗೆ ಯಾರಾದ್ರೂ ಹೇಳಿದ್ರೆ ಅವರ ಕಪಾಳಕ್ಕೆ ಬಾರಿಸ್ತಿದ್ದೆ. ಕೀಲಿ ತೆಗಿ.”

“ಭಾವ, ನೀವು ಅಲ್ಲಿ ಇರಲ್ಲ.”

“ಗೊತ್ತು. ತೆಗಿ ಅಂದೆನಲ್ಲ.” ಮುಖ್ಯಸ್ಥೆಯ ಕಡೆ ತಿರುಗಿ, “ನೀವು ‘ಇತರೆ’ ಅಂತಲೇ ಹಾಕಿಬಿಡಿ ತಾಯಿ. ನೀವು ಬರೆದಿದ್ದನ್ನ ನಾನು ಕೇಳಿದೆನಲ್ಲ, ಸಾಕು,” ಎಂದರು.

ಕೀಲಿ ಜೇಬಿಗೆ ಮರಳಿತು. ಆತುರಪ್ಪ ಗೋಡೆಯ ಕಡೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತ. ಡ್ರೈವರು ಅವನ ಹೆಗಲ ಮೇಲೆ ಕೈಯಿಟ್ಟರು, ಆಮೇಲೆ ಮಗಳಿಗೆ ಫೋನು ಮಾಡಿದರು.

“ನನಗೆ ಕಾಯಬೇಡ ಮಗಾ. ಬಾಗಿಲು ತೆರೆದ ಕೂಡಲೇ ನೀನೇ ಕಳಿಸು.”

“ಅಪ್ಪ, ನೀವು?”

“ನಾನು ಇಲ್ಲಿಂದಲೇ ಕಳಿಸ್ತೀನಿ. ಅವಳು ಈ ದಾರೀಲೇ ಹೋಗ್ಬೇಕು.”

ಕಾದರು. ಮುಖ್ಯಸ್ಥೆ ಕುರ್ಚಿ ತಂದರು, ಡ್ರೈವರು ಕೂರಲಿಲ್ಲ. ಕೊನೆಗೆ ಮೇಲಿನಿಂದ ಕರೆ ಬಂತು, ಡಾಕ್ಟರು ಸಹಿ ಹಾಕಿದ್ದರು. ಮುಖ್ಯಸ್ಥೆ ತೋರಿಸಿದ ಕಡೆ ಡ್ರೈವರೂ ಸಹಿ ಹಾಕಿದರು.

“ಈಗ ಸಾಲಲ್ಲಿದೆ ಭಾವ,” ಎಂದ ಆತುರಪ್ಪ. “ಮುಂದೆ ಒಂದಷ್ಟು ಬೇರೆಯವರದ್ದಿದೆ. ಯಾವುದು ಅಕ್ಕಂದು ಅಂತ ದೀಪ ನೋಡಿ ಹೇಳೋಕಾಗಲ್ಲ. ಎಲ್ಲಾನೂ ಒಂದೇ ಥರ.”

ಡ್ರೈವರು ಅಂಗಿಯ ಕಾಲರು ಸರಿಮಾಡಿಕೊಂಡು ಪೆಟ್ಟಿಗೆಯ ಎದುರು ನೆಟ್ಟಗೆ ನಿಂತರು. ದೀಪ ಮಿಣುಕಿತು. ಅವರು ಬಲಗೈ ಎತ್ತಿ ಬೀಳ್ಕೊಟ್ಟರು. ಮತ್ತೆ ಮಿಣುಕಿತು, ಮತ್ತೆ ಕೈಯೆತ್ತಿದರು. ಅವರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಆತುರಪ್ಪ ಅದನ್ನು ತೆಗೆದು ಕಿವಿಗಿಟ್ಟು, “ಬಾಗಿಲು ತೆರೀತಂತೆ ಭಾವ,” ಎಂದ. ಡ್ರೈವರು ತಲೆಯಾಡಿಸಿದರು. ದೀಪ ಮಿಣುಕುತ್ತಲೇ ಇತ್ತು. ಅವರು ಒಂದೊಂದಕ್ಕೂ ಕೈಯೆತ್ತುತ್ತಲೇ ಇದ್ದರು.